ಅಮ್ಮನ ಜೊತೆ ಬ್ಲೂ ರಿಡ್ಜ್ ಪಾರ್ಕ್‌ವೇ | ಟ್ಯಾಂಕ್ ತುಂಬಿಸ್ಕೊಂಡೇ ಬನ್ನಿ!

ನಮಸ್ಕಾರ ಎಲ್ಲರಿಗೂ. ಹಿಂದಿನ ಸೀಟಲ್ಲಿರೋದು ನಮ್ಮಮ್ಮ, ತೀರ್ಥಹಳ್ಳಿಯಿಂದ ಬಂದು ಮೂರು ವಾರ ಆಯ್ತು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿರೋ ನಮ್ಮೂರು ಷಾರ್ಲೆಟ್ ಬಿಟ್ಟಿದ್ದು ಬೆಳಗಿನ ಜಾವ, ಅದು ಬರೀ ಕತ್ತಲು, ಬಿಡಿ.

ಇದು ಕಂಬರ್ಲ್ಯಾಂಡ್ ನಾಬ್. 1935ರ ಸೆಪ್ಟೆಂಬರ್‌ನಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇ ಅನ್ನೋ ಈ ಬೆಟ್ಟದ ರಸ್ತೆಗೆ ಮೊದಲ ಗುದ್ದಲಿ ಬಿದ್ದಿದ್ದು ಇಲ್ಲೇ. ಆಗ ಅಮೆರಿಕದಲ್ಲಿ ಜನರ ಕೈಗೆ ಕೆಲಸ ಇರ್ಲಿಲ್ಲ. ಬೆಟ್ಟದ ಊರುಗಳಿಗೆ ಕೂಲಿ ಸಿಗ್ಲಿ ಅಂತ ಸರ್ಕಾರ ಹಾಕಿಸಿದ ರಸ್ತೆ ಇದು, ಒಟ್ಟು 469 ಮೈಲಿ. ಟೋಲ್ ಇಲ್ಲ, ಟಿಕೆಟ್ ಇಲ್ಲ, ಲಾರಿ ಬಿಡಲ್ಲ. ಈ ಮರದ ಸೀಳಿನ ಬೇಲಿ ನೋಡಿ, ಅಮ್ಮನಿಗೆ ಎಷ್ಟು ಇಷ್ಟ ಆಯ್ತು ಅಂದ್ರೆ...

ಹಾಂ, ಸ್ಪೀಡು. 45 ಮೈಲಿ ದಾಟೋ ಹಾಗಿಲ್ಲ. ಮೊದಲ ಅರ್ಧ ಗಂಟೆ ನಂಗೆ ಸಿಟ್ಟೇ ಬಂತು. ಆಮೇಲೆ ಈ ಕೆಂಪು ಎಲೆಗಳು ಶುರುವಾದ್ವು ನೋಡಿ, 35ರಲ್ಲೇ ಹೋಗೋಣ ಅನ್ನಿಸ್ತು.

ಈಗ ಮುಖ್ಯ ವಿಷಯ. ಪಾರ್ಕ್‌ವೇ ಮೇಲೆ ಒಂದೇ ಒಂದು ಪೆಟ್ರೋಲ್ ಬಂಕ್ ಇಲ್ಲ! ಮೈಲಿಗಲ್ಲು 262 ದಾಟ್ತಿದ್ದ ಹಾಗೆ ಗ್ಯಾಸ್ ಲೈಟ್ ಹತ್ಕೊಳ್ತು. ಗ್ಯಾಸ್ ಅಂದ್ರೆ ಇಲ್ಲಿ ಪೆಟ್ರೋಲು. ಫೋನಲ್ಲಿ ನೆಟ್‌ವರ್ಕ್ ಇಲ್ಲ, ಮುಂದೆ ಹೊರಗಿಳಿಯೋ ದಾರಿ ಎಲ್ಲಿ ಅಂತ ಗೊತ್ತಿಲ್ಲ. ಇವರು ಎಸಿ ಆಫ್ ಮಾಡಿದ್ರು, ಯಾರೂ ಮಾತಾಡ್ಲಿಲ್ಲ. ಅಮ್ಮ ಮಾತ್ರ, "ಆಗುಂಬೆ ಘಾಟಿಲಿ ಆದ್ರೆ ಒಂದು ಬಸ್ಸಾದ್ರೂ ಬರ್ತಿತ್ತು ಮಾರಾಯ್ತಿ" ಅಂದ್ರು. ಡೀಪ್ ಗ್ಯಾಪ್‌ನಲ್ಲಿ 421 ಹೈವೇ ಸಿಗೋವರೆಗೆ 14 ಮೈಲಿ, ಜೀವ ಕೈಲಿ ಹಿಡ್ಕೊಂಡು ಬಂದ್ವಿ. ಬಂಕ್‌ನಲ್ಲಿ ಗ್ಯಾಲನ್‌ಗೆ ನಮ್ಮ ಕಡೆಗಿಂತ 40 ಸೆಂಟ್ ಜಾಸ್ತಿ. ಅದು ಹೋಗ್ಲಿ. ಆ 14 ಮೈಲಿಲಿ ಬಂದ ಒಂದು ಓವರ್‌ಲುಕ್‌ನಲ್ಲೂ, ಅಂದ್ರೆ ಗಾಡಿ ನಿಲ್ಲಿಸಿ ಕಣಿವೆ ನೋಡೋ ಜಾಗದಲ್ಲೂ, ನಿಲ್ಲಿಸ್ಲಿಲ್ಲ, ಅಮ್ಮನಿಗೆ ತೋರಿಸ್ಲಿಲ್ಲ. ಅಮ್ಮ ಇನ್ನು ಯಾವಾಗ ಬರ್ತಾರೋ! ಆ ಹೊಟ್ಟೆಉರಿ ಇನ್ನೂ ಹೋಗಿಲ್ಲ. ದಯವಿಟ್ಟು ಅರ್ಧ ಟ್ಯಾಂಕ್‌ಗಿಂತ ಕಮ್ಮಿ ಇಟ್ಕೊಂಡು ಈ ರಸ್ತೆ ಹತ್ತಬೇಡಿ.

ಬಂತು, ಬಂತು, ಲಿನ್ ಕೋವ್ ಸೇತುವೆ! ಮೈಲಿಗಲ್ಲು 304. ಇಡೀ ರಸ್ತೆಯಲ್ಲಿ ಕೊನೆಗೆ ಉಳಿದಿದ್ದ ತುಂಡಲ್ಲಿದೆ ಇದು, 1987ರಲ್ಲಿ ತೆರೆದಿದ್ದು. ಶುರುವಾಗಿ 52 ವರ್ಷ! ಈ ಸೇತುವೆ ಸುತ್ತಿಕೊಂಡು ಹೋಗೋ ಗ್ರ್ಯಾಂಡ್‌ಫಾದರ್ ಬೆಟ್ಟದ ಆಗಿನ ಒಡೆಯರು ಹ್ಯೂ ಮಾರ್ಟನ್, ಬೆಟ್ಟದ ಮೇಲ್ಭಾಗದಲ್ಲಿ ರಸ್ತೆ ಬೇಡ ಅಂತ ವರ್ಷಗಟ್ಟಲೆ ಪಟ್ಟು ಹಿಡಿದ್ರು. ಅದಕ್ಕೇ ಬೆಟ್ಟ ಕಡಿಯದೆ, ಅದರ ಮಗ್ಗುಲಲ್ಲಿ ತೇಲೋ ಹಾಗೆ ಕಟ್ಟಿದ್ರು. 153 ಕಾಂಕ್ರೀಟ್ ತುಂಡುಗಳು, ಒಂದೊಂದೂ 50 ಟನ್. ಕಟ್ಟಿ ಮುಗಿದಷ್ಟು ಸೇತುವೆ ಮೇಲೇ ನಿಂತು ಮುಂದಿನ ತುಂಡು ಜೋಡಿಸಿದ್ದಾರೆ. ಬಂಡೆ ಬಣ್ಣ ಬರಲಿ ಅಂತ ಕಾಂಕ್ರೀಟ್‌ಗೆ ಐರನ್ ಆಕ್ಸೈಡ್ ಕಲಸಿದ್ದಾರೆ.

ನಂಗೆ ಶಿರಾಡಿ ನೆನಪಾಯ್ತು. ಮಳೆಗಾಲ ಬಂದ್ರೆ ಗುಡ್ಡ ಜರಿದು ರಸ್ತೆ ಬಂದ್. ಗುಡ್ಡವನ್ನ ನೆಟ್ಟಗೆ ಕಡಿದ್ರೆ ಇನ್ನೇನಾಗುತ್ತೆ? ಇಲ್ಲೂ ಜರಿಯಲ್ಲ ಅಂತಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಬಂದಾಗ ಈ ಪಾರ್ಕ್‌ವೇಲೂ ಎಷ್ಟೋ ಕಡೆ ಮಣ್ಣು ಕುಸಿದಿತ್ತು. ಆದ್ರೂ ಕಟ್ಟುವಾಗ ಇಷ್ಟು ಎಚ್ಚರ ನಮ್ಮ ಘಾಟಿಗಳಿಗೂ ಬೇಕು. ಇದನ್ನ ಜೋರಾಗೇ ಹೇಳ್ತೀನಿ.

ಸೇತುವೆ ಕೆಳಗೆ ಕಾಲುದಾರಿ ಇದೆ, ಅಮ್ಮ ಆಗಲೇ ಇಳಿದು ಕಂಬ ಮುಟ್ಟಿ ನೋಡ್ತಿದ್ದಾರೆ. ಬ್ಯಾಟರಿ ಕೆಂಪು ತೋರಿಸ್ತಿದೆ, ನಾನೂ ಇಳೀತೀನಿ.