ಪಾಸ್‌ಬುಕ್ಕಿನ ಶಿಲ್ಕು ಪಂಚಾಯತಿಯ ರೊಕ್ಕವಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಗ್ರಾಮ ಪಂಚಾಯತಿಗೆ ಹೊಸ ಅಧ್ಯಕ್ಷರು ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ, ಖಾತೆಯಲ್ಲಿ ಎಷ್ಟು ರೊಕ್ಕ ಐತಿ ಎಂಬುದು. ಗುಮಾಸ್ತರು ಪಾಸ್‌ಬುಕ್ ತೆರೆದು ಒಂದು ಅಂಕಿ ಹೇಳುತ್ತಾರೆ. ಅದನ್ನು ನಂಬಿ ಅಧ್ಯಕ್ಷರು ಒಂದು ಓಣಿಗೆ ಗಟಾರ, ಇನ್ನೊಂದು ಓಣಿಗೆ ದೀಪ ಎಂದು ಮಾತು ಕೊಟ್ಟುಬಿಡುತ್ತಾರೆ. ಹಣಕಾಸಿನ ತೊಡಕು ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಸ್ವಂತ ನಿಧಿಯ ಖಾತೆಯಲ್ಲಿ 9 ಲಕ್ಷ ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಮನೆ ಕರದ ಜೊತೆ ವಸೂಲಾದ ಉಪಕರ ಇದರಲ್ಲೇ ಕೂತಿರುತ್ತದೆ. ಗ್ರಂಥಾಲಯ ಕರ ಶೇಕಡಾ 6, ಭಿಕ್ಷುಕರ ಪರಿಹಾರ ಕರ ಶೇಕಡಾ 3, ಇವುಗಳ ಮೇಲೆ ಆರೋಗ್ಯ, ಶಿಕ್ಷಣ ಕರಗಳೂ ಇವೆ. ಪಂಚಾಯತಿ ಅದನ್ನು ವಸೂಲಿ ಮಾಡಿ ಸಂಬಂಧಪಟ್ಟವರಿಗೆ ತುಂಬಬೇಕು. ಹೀಗೆ ತುಂಬದೆ ಉಳಿದದ್ದು 1,80,000 ಎನ್ನೋಣ. ಗುತ್ತಿಗೆದಾರರ ಭದ್ರತಾ ಠೇವಣಿ 1,50,000. ಬಿಲ್ಲಿನಲ್ಲಿ ಹಿಡಿದುಕೊಂಡ ತೆರಿಗೆ ಮತ್ತು ಕಾರ್ಮಿಕ ಕಲ್ಯಾಣ ಉಪಕರ 60,000. ಬರೆದುಕೊಟ್ಟರೂ ಇನ್ನೂ ಬ್ಯಾಂಕಿಗೆ ಹೋಗದ ಚೆಕ್ಕುಗಳು 90,000. ಎಲ್ಲ ಕಳೆದರೆ ಉಳಿಯುವುದು 4,20,000. ವಾಟರ್‌ಮನ್, ಕರ ವಸೂಲಿಗಾರ, ಸಿಪಾಯಿ, ಸ್ವಚ್ಛತಾ ಸಿಬ್ಬಂದಿಯ ಪಗಾರ ತಿಂಗಳಿಗೆ 80,000 ಆದರೆ, ಮೂರು ತಿಂಗಳಿಗೆ 2,40,000 ತೆಗೆದಿಡಬೇಕು. ಹೊಸ ಕೆಲಸಕ್ಕೆ ನಿಜವಾಗಿ ಸಿಗುವುದು 1,80,000 ಮಾತ್ರ. ಐದು ಲಕ್ಷದ ಗಟಾರಕ್ಕೆ ಮಾತು ಕೊಟ್ಟವರು ಈಗ ಯಾರದೋ ಠೇವಣಿಗೆ ಕೈ ಹಾಕುತ್ತಾರೆ, ಇಲ್ಲವೇ ವಾಟರ್‌ಮನ್ ಪಗಾರ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಎರಡನೆಯದು ಹೆಚ್ಚು ಕೆಟ್ಟದ್ದು. ಪಗಾರ ಸಿಗದ ವಾಟರ್‌ಮನ್ ಪಂಪು ಚಾಲೂ ಮಾಡುವ ಹೊತ್ತು ತಪ್ಪಿಸಿದರೆ ಊರಿಗೆ ನೀರೇ ಇಲ್ಲ.

ಬಿಲ್ಲಿನಲ್ಲಿ ಹಿಡಿದ ಹಣದ ಬಗ್ಗೆ ಇನ್ನೊಂದು ಮಾತು. ಎರಡೂವರೆ ಲಕ್ಷ ಮೀರಿದ ಗುತ್ತಿಗೆಯಲ್ಲಿ ಜಿಎಸ್‌ಟಿ ಟಿಡಿಎಸ್, ಅಂದರೆ ಬಿಲ್ ಕೊಡುವಾಗಲೇ ಕಡಿತ ಮಾಡುವ ತೆರಿಗೆ, ಶೇಕಡಾ 2 ಹಿಡಿಯಬೇಕು. ಅದನ್ನು ಮರುತಿಂಗಳ 10ನೇ ತಾರೀಖಿನೊಳಗೆ ತುಂಬಬೇಕು. ತಡವಾದರೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ ಬೀಳುತ್ತದೆ. ಆ ಬಡ್ಡಿಯನ್ನು ಊರವರ ಕರದಿಂದ ಕಟ್ಟಿದರೆ ಲೆಕ್ಕ ಪರಿಶೋಧಕರು ಆಕ್ಷೇಪಣೆ ಬರೆಯುತ್ತಾರೆ, ಬರೆಯಬೇಕಾದದ್ದೇ.

ಅನುದಾನದ ಕಥೆ ಬೇರೆ. 15ನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಅನುದಾನದಲ್ಲಿ ಶೇಕಡಾ 60ನ್ನು ನಿರ್ಬಂಧಿತ ಎಂದು ಇಟ್ಟಿತು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ. ಉಳಿದ ಶೇಕಡಾ 40ನ್ನು ಊರಿನ ಅಗತ್ಯಕ್ಕೆ ಬಳಸಬಹುದಾದರೂ ಪಗಾರಕ್ಕೆ ಮುಟ್ಟುವಂತಿಲ್ಲ. ಹೀಗಾಗಿ ಮನೆ ಕರ ವಸೂಲಾಗದ ಪಂಚಾಯತಿಗೆ ಕೋಟಿ ಅನುದಾನ ಬಂದರೂ ಸಿಬ್ಬಂದಿ ಪಗಾರದ ಚಿಂತೆ ತಪ್ಪುವುದಿಲ್ಲ. ಕರ ಕೇಳಿದರೆ ಮತ ಹೋಗುತ್ತದೆ ಎಂದು ಹಿಂಜರಿಯುವ ಸದಸ್ಯರು ಇದನ್ನು ಗಮನಿಸಬೇಕು.

ಆರ್ಥಿಕ ವರ್ಷ ಮುಗಿಯುವ ಮಾರ್ಚ್ ತಿಂಗಳ ಗಡಿಬಿಡಿಯ ಪೆಟ್ಟು ನಮ್ಮ ಎರೆಭೂಮಿಗೆ ಹೆಚ್ಚು. ನವಲಗುಂದ, ನರಗುಂದ, ರೋಣದ ಕಡೆ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಎರೆಮಣ್ಣು ಅಗೆದು ತೆಗೆದು, ಗರಸು ಹಾಕಿ, ನೀರು ಹೊಡೆದು ರೋಲರ್ ಓಡಿಸದೆ ಕಾಂಕ್ರೀಟ್ ಸುರಿದರೆ ಅದು ಬಾಳುವುದಿಲ್ಲ. ಮಾರ್ಚ್ 31ರೊಳಗೆ ಬಿಲ್ ಆಗಬೇಕೆಂಬ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಈ ತಳಪಾಯದ ಕೆಲಸ. ಆಮೇಲೆ ಕ್ಯೂರಿಂಗ್. ಕಾಂಕ್ರೀಟ್ ರಸ್ತೆಯನ್ನು ಎರಡು ವಾರ ಹಸಿಯಾಗಿ ಇಡಬೇಕು. ಕುಡಿಯಲು ಟ್ಯಾಂಕರ್ ಬರುವ ಊರಿನಲ್ಲಿ ಏಪ್ರಿಲ್ ತಿಂಗಳು ರಸ್ತೆಗೆ ನೀರು ಎಲ್ಲಿಂದ ತರುವುದು? ಮಳೆಗಾಲದೊಳಗೆ ಸೀಳು ಬಿಡುತ್ತದೆ. ಕ್ರಿಯಾಯೋಜನೆಗೆ ಬೇಗ ಮಂಜೂರಾತಿ ಪಡೆದು, ಮಳೆ ನಿಂತು ಕೆರೆಯಲ್ಲಿ ನೀರಿರುವ ನವೆಂಬರ್‌ನಲ್ಲೇ ಕೆಲಸ ಹಿಡಿಯುವುದು ಅಧ್ಯಕ್ಷರ ಕೈಯಲ್ಲಿದೆ. ಇಂಜಿನಿಯರು ಸ್ಥಳಕ್ಕೆ ಬಂದು ಅಳತೆ ಪುಸ್ತಕದಲ್ಲಿ ಬರೆಯುವ ಮೊದಲು ಬಿಲ್ಲಿಗೆ ಸಹಿ ಬೇಡ. ಒಂದೇ ರಸ್ತೆಯನ್ನು ಮೂರು ತುಂಡು ಮಾಡಿ ಟೆಂಡರ್ ತಪ್ಪಿಸುವ ಚಾಳಿಯೂ ಬೇಡ. ಸರಕಾರಿ ಖರೀದಿ, ಗುತ್ತಿಗೆಗಳು ಬಹಿರಂಗ ಟೆಂಡರಿನಲ್ಲಿ ನಡೆಯಲಿ ಎಂದೇ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆ ಬಂದದ್ದು.

ಈಗ ಸಹಿಯ ಮಾತು. ಪಂಚಾಯತಿ ಲೆಕ್ಕದ ಆನ್‌ಲೈನ್ ವ್ಯವಸ್ಥೆ ಇ-ಗ್ರಾಮಸ್ವರಾಜ್‌ನಲ್ಲಿ ಹಣ ಪಾವತಿಗೆ ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಮತ್ತು ಅಧ್ಯಕ್ಷರು, ಇಬ್ಬರ ಡಿಜಿಟಲ್ ಸಹಿಯೂ ಬೇಕು. ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯಲಿ ಎಂಬುದೇ ಇದರ ಉದ್ದೇಶ. ಆದರೆ ಆ ಸಹಿ ಹಾಕುವ ಪೆನ್‌ಡ್ರೈವಿನಂಥ ಕೀಲಿ ಮತ್ತು ಪಿನ್ ನಂಬರು ಎರಡೂ ಕಂಪ್ಯೂಟರ್ ಆಪರೇಟರ್ ಟೇಬಲ್ಲಿನ ಡ್ರಾವರಿನಲ್ಲೋ, ಅಧ್ಯಕ್ಷೆಯ ಪತಿಯ ಕಿಸೆಯಲ್ಲೋ ಇದ್ದರೆ ತಪಾಸಣೆ ಎಲ್ಲಿ ಉಳಿಯಿತು? ಪಂಚಾಯತಿಯಲ್ಲಿ ಮಹಿಳೆಯರಿಗೆ ಶೇಕಡಾ 50 ಮೀಸಲಾತಿ ಇದೆ. ಅಧ್ಯಕ್ಷೆಯರೇ ಓಚರು ಓದಿ, ಕೀಲಿಯನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳಲಿ. ಹಳ್ಳಿಯವರಿಗೆ ಲೆಕ್ಕ ತಿಳಿಯದು ಎಂಬ ಮಾತನ್ನು ನಮ್ಮ ಭಾಗದಲ್ಲಿ ಒಪ್ಪಲಾಗದು. ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದನ್ನು 1905ರಲ್ಲೇ ಕಟ್ಟಿ ನಡೆಸಿದ ಕಣಗಿನಹಾಳ ಗದಗ ತಾಲೂಕಿನದು.

ಪಿಡಿಒ ವರ್ಗವಾಗಿ ಹೋಗುವಾಗ ಹೊಸಬರಿಗೆ ಕೆಲಸ ಒಪ್ಪಿಸುವ ಪ್ರಭಾರ ಪಟ್ಟಿಯನ್ನು ಅವಸರದಲ್ಲಿ ಮುಗಿಸಬಾರದು. ಕ್ಯಾಶ್ ಬುಕ್ಕಿನ ಅಖೇರಿ ಶಿಲ್ಕು ಅಂದರೆ ಕೊನೆಗೆ ಉಳಿದ ಮೊತ್ತ, ಬಳಸದ ಚೆಕ್ ಹಾಳೆ ಮತ್ತು ರಸೀದಿ ಪುಸ್ತಕಗಳ ನಂಬರು, ಬಾಕಿ ಬಿಲ್ಲು, ಉತ್ತರ ಕೊಡದ ಆಡಿಟ್ ಆಕ್ಷೇಪಣೆ ಇವೆಲ್ಲ ಅದರಲ್ಲಿ ಬರಬೇಕು. ರಸೀದಿ ಪುಸ್ತಕದ ನಂಬರು ಬಿಟ್ಟುಹೋದರೆ ವಸೂಲಾದ ಕರ ಎಲ್ಲಿ ಹೋಯಿತೆಂದು ಆಮೇಲೆ ಹುಡುಕುವ ದಾರಿಯೇ ಇರುವುದಿಲ್ಲ.

ತಿಂಗಳ ಮೊದಲ ವಾರ ಕ್ಯಾಶ್ ಬುಕ್ ಮತ್ತು ಬ್ಯಾಂಕ್ ಹೇಳಿಕೆಯನ್ನು ಸಾಲು ಸಾಲಾಗಿ ತಾಳೆ ನೋಡಲು ಅರ್ಧ ದಿನ ಸಾಕು. ಫೋನಿನಿಂದ ಯುಪಿಐ ಮೂಲಕ ಕಟ್ಟಿದ ಕರ ಬ್ಯಾಂಕಿಗೆ ಬಂದು, ಯಾರ ಕರ ಎಷ್ಟು ಬರಬೇಕೆಂದು ಬರೆದ ಬೇಡಿಕೆ ವಹಿಯಲ್ಲಿ ಜಮಾ ಆಗದೆ ಉಳಿದದ್ದು ಆಗಲೇ ಕಣ್ಣಿಗೆ ಬೀಳುತ್ತದೆ. ತಾಳೆ ನೋಡದಿದ್ದರೆ ಕರ ಕಟ್ಟಿದ ಮನೆಗೇ ಮತ್ತೆ ಬಾಕಿ ನೋಟಿಸು ಹೋಗುತ್ತದೆ. ನೀವೂ ಕರ ಕಟ್ಟಿದ ಮರುತಿಂಗಳು ಪಂಚಾಯತಿಗೆ ಹೋಗಿ, ನಿಮ್ಮ ಆಸ್ತಿಯ ಮುಂದೆ ಆ ಜಮಾ ಬರೆದಿದೆಯೇ ನೋಡಿರಿ. ಬರೆದಿರದಿದ್ದರೆ ರಸೀದಿ ತೋರಿಸಿ ಅಲ್ಲೇ ಬರೆಯಿಸಿರಿ.