ದಾವಣಗೆರೆಯಿಂದ ಹಡಗಿನ ಎಂಜಿನ್ ರೂಮ್‌ಗೆ: ಚೀಫ್ ಎಂಜಿನಿಯರ್ ಆಗೋದು ಹೇಗೆ?

[ದೃಶ್ಯ: ದಾವಣಗೆರೆಯ ಜಯದೇವ ಸರ್ಕಲ್, ಬೆಳಗಿನ ಹೊತ್ತು. ನಿರೂಪಕ ಕ್ಯಾಮೆರಾ ಎದುರು.]

ನಮಸ್ಕಾರ. ನಾನು ಹಡಗಿನಿಂದ ರಜೆಗೆ ಊರಿಗೆ ಬಂದಾಗಲೆಲ್ಲ ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳ ಕಡೆಯ ಮೆಕ್ಯಾನಿಕಲ್ ಹುಡುಗರು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ನಮ್ಮಂಥವರು ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಬಹುದಾ?"

ಆಗಬಹುದು. ಸಮುದ್ರ ನೋಡದೇ ಬೆಳೆದವರೂ ಆಗಿದ್ದಾರೆ. ಆದರೆ ಎಲ್ಲರೂ ಪರೀಕ್ಷೆ ಬಗ್ಗೆ ಕೇಳುತ್ತಾರೆ, ಸೀ ಟೈಮ್, ಅಂದರೆ ಹಡಗಿನ ಮೇಲೆ ದುಡಿದ ದಿನಗಳ ಬಗ್ಗೆ ಯಾರೂ ಕೇಳುವುದಿಲ್ಲ. ಈ ಕೆಲಸದಲ್ಲಿ ಅಸಲಿ ಲೆಕ್ಕ ಅದೇ. ಇವತ್ತು ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಮನೆಯವರಿಗೆ ಒಂದು ಮಾತು. ಇದು ನೌಕಾಪಡೆ ಅಲ್ಲ. ಬಂದೂಕು, ಯುದ್ಧ ಯಾವುದೂ ಇಲ್ಲ. ಕಚ್ಚಾ ತೈಲ, ಗೋಧಿ, ಕಾರು, ಕಂಟೇನರ್ ಸಾಗಿಸುವ ಮರ್ಚೆಂಟ್ ಹಡಗುಗಳು ಇವು. ಚಿತ್ರದುರ್ಗದ ಕಬ್ಬಿಣದ ಅದಿರೂ ಒಂದು ಕಾಲಕ್ಕೆ ಇಂಥ ಹಡಗು ಹತ್ತಿಯೇ ಹೊರದೇಶಕ್ಕೆ ಹೋಗುತ್ತಿತ್ತು.

[ದೃಶ್ಯ: ಎಂಜಿನ್ ರೂಮ್‌ನ ಚಿತ್ರ. ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ.]

ಎಂಜಿನ್ ರೂಮ್ ಅಂದರೆ ಏನು? ದೊಡ್ಡ ಹಡಗಿನ ಮೇನ್ ಎಂಜಿನ್ ಒಂದು ಟೂ ಸ್ಟ್ರೋಕ್ ಡೀಸೆಲ್ ಎಂಜಿನ್. ಎತ್ತರದಲ್ಲಿ ಮೂರು ಮಹಡಿ ಮನೆಯಷ್ಟು. ತಿರುಗುವುದು ಮಾತ್ರ ನಿಮಿಷಕ್ಕೆ ನೂರರ ಆಸುಪಾಸು. ಹೆಚ್ಚಿನ ಹಡಗುಗಳಲ್ಲಿ ನಡುವೆ ಗೇರ್‌ಬಾಕ್ಸೇ ಇಲ್ಲ, ನೇರವಾಗಿ ಪ್ರೊಪೆಲರ್‌ಗೆ ಜೋಡಣೆ. ಹಡಗು ಹಿಂದಕ್ಕೆ ಹೋಗಬೇಕಾ? ಎಂಜಿನ್ ನಿಲ್ಲಿಸಿ ಉಲ್ಟಾ ತಿರುಗಿಸುತ್ತಾರೆ. ಮೊದಲ ಸಲ ಕೇಳಿದವರು ನಂಬುವುದಿಲ್ಲ.

ಇಂಧನವೂ ನಮ್ಮ ಬಂಕ್‌ನ ಡೀಸೆಲ್ ಥರ ಅಲ್ಲ. ಹೆವಿ ಫ್ಯುಯೆಲ್ ಆಯಿಲ್, ತಣ್ಣಗಿದ್ದರೆ ಹರಿಯುವುದೇ ಕಷ್ಟ. ಅದನ್ನು 98 ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿ ಪ್ಯೂರಿಫೈಯರ್‌ಗೆ ಬಿಡುತ್ತಾರೆ. ಅದು ಗಿರ್ರನೆ ತಿರುಗಿ ನೀರು, ಕೊಳೆಯನ್ನು ಬೇರೆ ಮಾಡುತ್ತದೆ. ಡೇರಿಯಲ್ಲಿ ಹಾಲಿನಿಂದ ಕೆನೆ ತೆಗೆಯುವ ಯಂತ್ರ ನೋಡಿದ್ದೀರಲ್ಲ? ಕೆಲಸ ಮಾಡುವ ತತ್ವ ಅದೇ. ಬರೀ ಹೋಲಿಕೆಗೆ ಹೇಳುತ್ತಿಲ್ಲ. ಹಡಗುಗಳಿಗೆ ಪ್ಯೂರಿಫೈಯರ್ ಕೊಡುವ ಸ್ವೀಡನ್ನಿನ ಆಲ್ಫಾ ಲಾವಲ್ ಕಂಪನಿ 1883ರಲ್ಲಿ ಶುರುವಾಗಿದ್ದೇ ಕೆನೆ ತೆಗೆಯುವ ಯಂತ್ರದಿಂದ. ಬೆಣ್ಣೆ ದೋಸೆ ಊರಿನವರಿಗೆ ಇದು ಖುಷಿ ಕೊಡುವ ವಿಷಯ, ಅಲ್ವಾ?

[ದೃಶ್ಯ: ಪರದೆ ಮೇಲೆ ಏಣಿ. ಒಂದೊಂದೇ ಹುದ್ದೆ ಮೂಡುತ್ತದೆ.]

ಈಗ ಹುದ್ದೆಗಳು. ಮೊದಲು ಹತ್ತುವಾಗ ನೀವು ಟ್ರೈನಿ ಅಥವಾ ಜೂನಿಯರ್ ಎಂಜಿನಿಯರ್. ಭಾರತೀಯ ಸಿಬ್ಬಂದಿ ಇರುವ ಹಡಗಿನಲ್ಲಿ ನಿಮ್ಮನ್ನು 'ಪಾಂಚ್ ಸಾಬ್' ಅಂತಾರೆ. ಆಮೇಲೆ ಫೋರ್ತ್ ಎಂಜಿನಿಯರ್, ಅಂದರೆ ಚಾರ್ ಸಾಬ್. ಸಾಮಾನ್ಯವಾಗಿ ಪ್ಯೂರಿಫೈಯರ್, ಕಂಪ್ರೆಸರ್ ಇವರ ತಲೆಗೆ. ತೀನ್ ಸಾಬ್‌ಗೆ ಜನರೇಟರ್‌ಗಳು, ಬಾಯ್ಲರ್. ಸೆಕೆಂಡ್ ಎಂಜಿನಿಯರ್‌ಗೆ ಮೇನ್ ಎಂಜಿನ್, ಜೊತೆಗೆ ದಿನದ ಕೆಲಸ ಹಂಚುವ ಹೊಣೆ. ಇವರೆಲ್ಲರ ಮೇಲೆ ಚೀಫ್, ಅಂದರೆ ಬಡಾ ಸಾಬ್.

ಏಣಿ ಹತ್ತಲು ಸರ್ಟಿಫಿಕೇಟ್ ಬೇಕು. ಕೊಡುವುದು ಭಾರತ ಸರ್ಕಾರದ ಡಿಜಿ ಶಿಪ್ಪಿಂಗ್. ಪರೀಕ್ಷೆ ನಡೆಸುವುದು ಅದರ ಕೆಳಗಿನ ಎಂಎಂಡಿ, ಅಂದರೆ ಮರ್ಕಂಟೈಲ್ ಮರೀನ್ ಡಿಪಾರ್ಟ್‌ಮೆಂಟ್. ಮೂರು ಮೆಟ್ಟಿಲು: ಎಂಇಒ (ಮರೀನ್ ಎಂಜಿನಿಯರ್ ಆಫೀಸರ್) ಕ್ಲಾಸ್ 4, ಕ್ಲಾಸ್ 2, ಕ್ಲಾಸ್ 1. ಇದಕ್ಕೆ ಆಧಾರ ಎಸ್‌ಟಿಸಿಡಬ್ಲ್ಯೂ ಎಂಬ, ಹಡಗು ಸಿಬ್ಬಂದಿಯ ತರಬೇತಿ ಮತ್ತು ಸರ್ಟಿಫಿಕೇಟ್ ಕುರಿತ 1978ರ ಅಂತಾರಾಷ್ಟ್ರೀಯ ಒಪ್ಪಂದ. 2010ರಲ್ಲಿ ಮನಿಲಾದಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು.

ಒಳಗೆ ಹೋಗುವ ದಾರಿಗಳು ಹಲವು. ಪಿಯುಸಿ ಸೈನ್ಸ್ ಆದವರಿಗೆ ನಾಲ್ಕು ವರ್ಷದ ಬಿ.ಟೆಕ್ ಮರೀನ್ ಎಂಜಿನಿಯರಿಂಗ್. ಪ್ರವೇಶಕ್ಕೆ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿ ನಡೆಸುವ ಐಎಂಯು ಸಿಇಟಿ ಬರೆಯಬೇಕು. ಪಿಸಿಎಂನಲ್ಲಿ 60%, ಇಂಗ್ಲಿಷ್‌ನಲ್ಲಿ 50% ಕೇಳುತ್ತಾರೆ. ಮೆಕ್ಯಾನಿಕಲ್ ಡಿಪ್ಲೊಮಾದವರಿಗೂ ಬೇರೆ ಕೋರ್ಸ್ ಇದೆ. ನಮ್ಮ ಊರಿನ ಬಿಇ ಮೆಕ್ಯಾನಿಕಲ್ ಹುಡುಗರಿಗೆ ಸರಿಹೊಂದುವುದು ಜಿಎಂಇ, ಅಂದರೆ ಗ್ರಾಜುಯೇಟ್ ಮರೀನ್ ಎಂಜಿನಿಯರಿಂಗ್. ಹಾಸ್ಟೆಲ್‌ನಲ್ಲೇ ಇದ್ದು ಸುಮಾರು ಒಂದು ವರ್ಷದ ತರಬೇತಿ. ಕೊಚ್ಚಿನ್ ಶಿಪ್‌ಯಾರ್ಡ್ ಕೂಡ ಇದನ್ನು ನಡೆಸುತ್ತದೆ.

ಫೀಸ್ ಕಟ್ಟುವ ಮೊದಲು ಕಣ್ಣು ತೋರಿಸಿ. ಎಂಜಿನ್ ವಿಭಾಗದಲ್ಲಿ ಒಂದು ಮಿತಿಯೊಳಗೆ ಕನ್ನಡಕ ನಡೆಯುತ್ತದೆ. ಬಣ್ಣಗುರುಡು ಇದ್ದರೆ ದಾರಿ ಅಲ್ಲಿಗೇ ಮುಗಿಯಿತು. ಕೋರ್ಸ್ ಮುಗಿಸಿದ ಮೇಲೆ ಇದು ಗೊತ್ತಾದರೆ ಮನೆಯವರ ಪಾಡು ಏನಾಗಬೇಡ?

ಇನ್ನು ಈಜು. ಲೈಫ್ ಜಾಕೆಟ್ ಹಾಕಿ ನೀರಿಗೆ ಹಾರುವುದು, ತೆಪ್ಪ ಹತ್ತುವುದು ಸುರಕ್ಷತಾ ಕೋರ್ಸ್‌ನಲ್ಲೇ ಬರುತ್ತದೆ. ನೀರು ಕಂಡರೆ ಭಯಪಡುವ ಬಯಲುಸೀಮೆಯವರು ಊರಿನ ಈಜುಕೊಳದಲ್ಲೇ ಕಲಿತು ಹೋಗುವುದು ವಾಸಿ.

[ದೃಶ್ಯ: ನಿರೂಪಕನ ಕೈಯಲ್ಲಿ ಸಿಡಿಸಿ ಪುಸ್ತಕ. ವೈಯಕ್ತಿಕ ವಿವರ ಕಾಣದಂತೆ.]

ಈಗ ಅಸಲಿ ವಿಷಯ. ಇದು ಸಿಡಿಸಿ, ಅಂದರೆ ಹಡಗಿನವರ ಸೇವಾ ದಾಖಲೆ ಪುಸ್ತಕ. ಹಡಗು ಹತ್ತಿದ ದಿನ, ಇಳಿದ ದಿನ ಎರಡೂ ಇದರಲ್ಲಿ ದಾಖಲಾಗುತ್ತವೆ. ಈ ಎರಡು ತಾರೀಖಿನ ನಡುವಿನ ದಿನಗಳೇ ಸೀ ಟೈಮ್. ನೀವು ಎಷ್ಟೇ ಜಾಣರಿರಿ, ಇದು ತುಂಬದಿದ್ದರೆ ಎಂಎಂಡಿ ನಿಮ್ಮನ್ನು ಪರೀಕ್ಷೆಗೇ ಕೂರಿಸುವುದಿಲ್ಲ.

ಜಿಎಂಇ ಮುಗಿಸಿದವರು ಮೊದಲು ಟ್ರೈನಿಯಾಗಿ ಆರು ತಿಂಗಳು ಎಂಜಿನ್ ರೂಮ್‌ನಲ್ಲಿ ಕೆಲಸ ಮಾಡಬೇಕು. ಜೊತೆಗೆ ಟಾರ್ ಬುಕ್, ಅಂದರೆ ತರಬೇತಿಯ ದಾಖಲೆ ಪುಸ್ತಕ ತುಂಬಬೇಕು. ಮಾಡಿದ ಒಂದೊಂದು ಕೆಲಸಕ್ಕೂ ಮೇಲಿನವರ ಸಹಿ. ಅದಾದ ಮೇಲೆ ಕ್ಲಾಸ್ 4. ಬರೆಯುವುದೂ ಇದೆ, ಓರಲ್ಸ್, ಅಂದರೆ ಬಾಯಿ ಪರೀಕ್ಷೆ ಕೂಡ ಇದೆ. ಹುಡುಗರು ಹೆದರುವುದು ಓರಲ್ಸ್‌ಗೆ. ಪರೀಕ್ಷೆ ಮಾಡುವ ಎಂಎಂಡಿ ಸರ್ವೇಯರ್ ಎದುರು ಕೂರಿಸಿ, "ಬಾಯ್ಲರ್‌ನಲ್ಲಿ ನೀರು ಕಾಣುತ್ತಿಲ್ಲ, ಏನು ಮಾಡ್ತೀಯ?" ಅಂತ ಕೇಳುತ್ತಾರೆ. ಪುಸ್ತಕ ಓದಿ ಬಂದವನ ಉತ್ತರ, ಕೈ ಕೊಳೆ ಮಾಡಿಕೊಂಡು ಬಂದವನ ಉತ್ತರ ಬೇರೆ ಬೇರೆ. ಅದು ಅವರಿಗೆ ತಕ್ಷಣ ತಿಳಿಯುತ್ತದೆ.

ಇಲ್ಲಿ ನಮ್ಮ ಸೀಮೆಯವರಿಗೆ ಒಂದು ಅನುಕೂಲ ಇದೆ. ಹರಿಹರದಲ್ಲಿ ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿತ್ತು. ಆ ಕೆಲಸ ಗೊತ್ತಿರುವ ಟರ್ನರ್‌ಗಳು ಇನ್ನೂ ಸುತ್ತಮುತ್ತ ಸಿಗುತ್ತಾರೆ. ಹಡಗಿನ ವರ್ಕ್‌ಶಾಪ್‌ನಲ್ಲೂ ಲೇತ್ ಇರುತ್ತದೆ. ನಡುಸಮುದ್ರದಲ್ಲಿ ಪಂಪ್‌ನ ಒಂದು ಬುಷ್ ಹೋದರೆ ಅಂಗಡಿ ಎಲ್ಲಿದೆ? ನಾವೇ ಕಡೆಯಬೇಕು. ರಜೆಯಲ್ಲಿ ಯಾರಾದರೂ ಹಿರಿಯ ಟರ್ನರ್ ಹತ್ತಿರ ಹೋಗಿ, "ಕಾಕಾ, ಸ್ವಲ್ಪ ಕಲಿಸ್ರೀ" ಅನ್ನಿ. ನನ್ನ ಪ್ರಕಾರ ಅದು ಯಾವ ಕೋಚಿಂಗ್‌ಗಿಂತಲೂ ಮೇಲು.

ಕ್ಲಾಸ್ 4 ಆದ ಮೇಲೆ ಅಧಿಕಾರಿಯಾಗಿ ಸೀ ಟೈಮ್ ಮಾಡಿ ಕ್ಲಾಸ್ 2ಕ್ಕೆ ಬರಬೇಕು. ಎಸ್‌ಟಿಸಿಡಬ್ಲ್ಯೂ ಹೇಳುವ ಕನಿಷ್ಠ 12 ತಿಂಗಳು. ಡಿಜಿ ಶಿಪ್ಪಿಂಗ್‌ನ ನಿಯಮ ಇನ್ನೂ ಬಿಗಿ, ಸುತ್ತೋಲೆ ಬಂದಾಗ ಬದಲಾಗುತ್ತಲೂ ಇರುತ್ತದೆ. ಅವರ ವೆಬ್‌ಸೈಟ್ ನೋಡಿಯೇ ಲೆಕ್ಕ ಹಾಕಿ. ಓದು ಜಾಸ್ತಿ ಇರುವುದು ಈ ಹಂತದಲ್ಲಿ. ನೇವಲ್ ಆರ್ಕಿಟೆಕ್ಚರ್, ಎಲೆಕ್ಟ್ರೋಟೆಕ್ನಾಲಜಿ, ಎಂಜಿನಿಯರಿಂಗ್ ನಾಲೆಡ್ಜ್ ಎಲ್ಲ ಇದೆ. ರಜೆ ಪೂರ್ತಿ ಕ್ಲಾಸು, ಪರೀಕ್ಷೆಯಲ್ಲೇ ಹೋಗುತ್ತದೆ. ಹಡಗಿಂದ ಇಳಿದರೂ ಮನೆಗೆ ಸಿಗುವುದಿಲ್ಲ ಅಂತ ಹೆಂಡತಿ, ತಾಯಿ ಬೇಜಾರಾಗುವುದು ಆಗಲೇ.

ಕ್ಲಾಸ್ 1, ಅಂದರೆ ಚೀಫ್‌ನ ಸರ್ಟಿಫಿಕೇಟ್‌ಗೆ ಎಸ್‌ಟಿಸಿಡಬ್ಲ್ಯೂ ಕೇಳುವುದು ಒಟ್ಟು 36 ತಿಂಗಳ ಸೀ ಟೈಮ್. ಅದರಲ್ಲಿ ಕನಿಷ್ಠ 12 ತಿಂಗಳು ಸೆಕೆಂಡ್ ಎಂಜಿನಿಯರ್ ಅರ್ಹತೆ, ಅಂದರೆ ಕ್ಲಾಸ್ 2, ಪಡೆದ ಮೇಲೆ ಜವಾಬ್ದಾರಿ ಸ್ಥಾನದಲ್ಲಿ ಮಾಡಿದ್ದಾಗಿರಬೇಕು. ಇದನ್ನು ಕೇಳಿ "ಮೂರೇ ವರ್ಷನಾ!" ಅನ್ನಬೇಡಿ. ಇದು ಹಡಗಿನ ಮೇಲಿದ್ದ ಕಾಲ ಮಾತ್ರ. ರಜೆ, ಕೋರ್ಸ್, ಪರೀಕ್ಷೆ, ಮುಂದಿನ ಹಡಗಿಗೆ ಕಾಯುವುದು ಎಲ್ಲ ಸೇರಿಸಿ. ಟ್ರೈನಿಯಾಗಿ ಹತ್ತಿದವರು ಚೀಫ್ ಆಗುವ ಹೊತ್ತಿಗೆ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಆಗಿರುತ್ತದೆ.

ಯಾವ ಹಡಗಿನಲ್ಲಿ ದುಡಿದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 3,000 ಕಿಲೋವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಎಂಜಿನ್‌ಗೆ ಒಂದು ಸರ್ಟಿಫಿಕೇಟ್, 750ರಿಂದ 3,000ದವರೆಗೆ ಇನ್ನೊಂದು. ಯಾರೋ ಹೇಳಿದರು ಅಂತ ಸುಮ್ನೆ ಚಿಕ್ಕ ಟಗ್ ಹತ್ತುವ ಮೊದಲು, ಆ ದಿನಗಳು ನಿಮ್ಮ ಸರ್ಟಿಫಿಕೇಟ್‌ಗೆ ಸೇರುತ್ತವಾ ಅಂತ ಕೇಳಿ.

[ದೃಶ್ಯ: ಪರದೆ ಮೇಲೆ ದಪ್ಪ ಅಕ್ಷರದಲ್ಲಿ, 'ಮೊದಲ ಹಡಗು ಎಲ್ಲಿಂದ?']

ಹುಡುಗರು ಸಿಕ್ಕಿಬೀಳುವುದು ಇಲ್ಲಿ. ಕೋರ್ಸ್ ಮುಗಿಸುವವರು ಜಾಸ್ತಿ, ಟ್ರೈನಿ ಜಾಗ ಕಡಿಮೆ. ಕೋರ್ಸ್ ಮುಗಿಸಿ ಮೊದಲ ಹಡಗಿಗೆ ಕಾದು ಕೂತವರನ್ನು ನಾನು ನೋಡಿದ್ದೇನೆ. ಆದ್ದರಿಂದ ಕಂಪನಿಯ ಸ್ಪಾನ್ಸರ್‌ಶಿಪ್ ಪತ್ರ ಸಿಕ್ಕ ಮೇಲೆಯೇ ಜಿಎಂಇ ಸೇರಿ. ಕಾಲೇಜಿನವರು "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂದರೆ, ಕಳೆದ ಬ್ಯಾಚ್‌ನ ಹುಡುಗರು ಈಗ ಯಾವ ಹಡಗಿನಲ್ಲಿದ್ದಾರೆ ಅಂತ ಕೇಳಿ. ಸಾಧ್ಯವಾದರೆ ಆ ಹುಡುಗರ ಜೊತೆಯೇ ಮಾತಾಡಿ.

ಕಾದು ಕೂತವರ ಹತ್ತಿರ ಏಜೆಂಟ್ ಬರುತ್ತಾನೆ. "ಇಷ್ಟು ಲಕ್ಷ ಕೊಡಿ, ಮುಂದಿನ ತಿಂಗಳು ಹಡಗು" ಅಂತಾನೆ. ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆಯುತ್ತಾರೆ. ನೆನಪಿಡಿ, ಹಡಗಿನ ಕೆಲಸ ಕೊಡಿಸಲು ನಿಮ್ಮಿಂದ ಹಣ ತೆಗೆದುಕೊಳ್ಳುವಂತೆಯೇ ಇಲ್ಲ. ಸಿಬ್ಬಂದಿ ಕಳಿಸುವ ಸಂಸ್ಥೆಗೆ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು. ಪಟ್ಟಿ ಅವರ ವೆಬ್‌ಸೈಟ್‌ನಲ್ಲೇ ಇದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಎದ್ದು ಬನ್ನಿ.

[ದೃಶ್ಯ: ಆಯಿಲ್ ರೆಕಾರ್ಡ್ ಬುಕ್‌ನ ಖಾಲಿ ಪುಟ.]

ಸರಿ, ಕ್ಲಾಸ್ 1 ಬಂತು. ಚೀಫ್ ಆದಿರಾ? ಇನ್ನೂ ಇಲ್ಲ. ಸರ್ಟಿಫಿಕೇಟ್ ಸರ್ಕಾರ ಕೊಡುತ್ತದೆ, ಹುದ್ದೆ ಕೊಡುವುದು ಕಂಪನಿ. ಕೈಯಲ್ಲಿ ಕ್ಲಾಸ್ 1 ಇಟ್ಟುಕೊಂಡೇ ಸೆಕೆಂಡ್ ಆಗಿ ದುಡಿಯುವವರು ಬೇಕಾದಷ್ಟಿದ್ದಾರೆ.

ಆದ ಮೇಲೆ ಸ್ಪ್ಯಾನರ್ ಹಿಡಿಯುವುದು ಕಡಿಮೆ, ಪೆನ್ನು ಹಿಡಿಯುವುದು ಜಾಸ್ತಿ. ಬಂಕರಿಂಗ್‌ನಲ್ಲಿ ಇಂಧನ ಅಳೆದು ತೆಗೆದುಕೊಳ್ಳುವುದು, ಸ್ಯಾಂಪಲ್ ಸೀಲ್ ಮಾಡಿಸುವುದು, ಸಲ್ಫರ್ ನೋಡುವುದು. 2020ರ ಜನವರಿ 1ರಿಂದ ಹೊಗೆ ತೊಳೆಯುವ ಸ್ಕ್ರಬರ್ ಇಲ್ಲದ ಹಡಗಿನ ಇಂಧನದಲ್ಲಿ ಸಲ್ಫರ್ 0.50% ದಾಟುವಂತಿಲ್ಲ. ಕೆಲವು ಕಡಲ ವಲಯಗಳಲ್ಲಿ 0.10% ಮಾತ್ರ.

ನಿದ್ದೆ ಕೆಡಿಸುವುದು ಆಯಿಲ್ ರೆಕಾರ್ಡ್ ಬುಕ್, ಅಂದರೆ ಎಣ್ಣೆ, ಎಣ್ಣೆ ನೀರು ಏನು ಮಾಡಿದಿರಿ ಅಂತ ಬರೆದಿಡುವ ಪುಸ್ತಕ. ಎಂಜಿನ್ ರೂಮ್‌ನ ತಳದಲ್ಲಿ ಸೇರುವ ಎಣ್ಣೆ ನೀರನ್ನು ಸಮುದ್ರಕ್ಕೆ ಬಿಡಬೇಕಾದರೆ ಎಣ್ಣೆ 15 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 15 ಪಾಲು ಮೀರಬಾರದು. ಎಣ್ಣೆ ಬೇರೆ ಮಾಡುವ ಸೆಪರೇಟರ್ ತಪ್ಪಿಸಿ ಕಳ್ಳ ಪೈಪ್ ಹಾಕಿ ಬಿಡುವವರಿದ್ದರು. ಅದಕ್ಕೆ 'ಮ್ಯಾಜಿಕ್ ಪೈಪ್' ಅಂತಲೇ ಹೆಸರು. ಪುಸ್ತಕದಲ್ಲಿ ಸುಳ್ಳು ಬರೆದದ್ದಕ್ಕೆ ಅಮೆರಿಕದಲ್ಲಿ ಚೀಫ್ ಎಂಜಿನಿಯರ್‌ಗಳು ಜೈಲಿಗೂ ಹೋಗಿದ್ದಾರೆ. ಕಂಪನಿಯ ಖರ್ಚು ಉಳಿಸಲು ಸಹಿ ಹಾಕಿದರೆ, ಕೋರ್ಟ್‌ನಲ್ಲಿ ಕೇಳುವುದು ಸಹಿ ಯಾರದ್ದು ಅಂತ.

ಸರ್ಟಿಫಿಕೇಟ್ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಐದು ವರ್ಷದಲ್ಲಿ 12 ತಿಂಗಳ ಸೀ ಟೈಮ್ ಇದ್ದರೆ ಸಲೀಸು. ಊರಲ್ಲಿ ಬ್ಯುಸಿನೆಸ್ ನೋಡಿಕೊಂಡು ಆರಾಮಾಗಿ ಇರೋಣ ಅಂದುಕೊಂಡವರು ಈ ತಾರೀಖು ಬರೆದಿಟ್ಟುಕೊಳ್ಳಿ.

ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದಿದವರು ಈ ಏಣಿ ಹತ್ತುವುದಿಲ್ಲ. ಅವರಿಗೆ ಇಟಿಒ (ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್) ಅಂತ ಬೇರೆ ದಾರಿ ಇದೆ, ಆದರೆ ಅದರಲ್ಲೇ ಮುಂದುವರಿದು ಚೀಫ್ ಎಂಜಿನಿಯರ್ ಆಗಲು ಬರುವುದಿಲ್ಲ. ಅದರ ಕಥೆ ಮುಂದಿನ ವಿಡಿಯೋದಲ್ಲಿ.