ಬಿಎಎಸ್‌ಎಲ್‌ಪಿಗೆ ಸೇರ್ತೀರಾ? ಫಿಸಿಕ್ಸ್ ಪುಸ್ತಕ ರದ್ದಿಗೆ ಹಾಕಬೇಡಿ, ಕನ್ನಡವನ್ನೂ ಬಿಡಬೇಡಿ

ನಮಸ್ಕಾರ. ನೀಟ್ ರ‍್ಯಾಂಕ್ ನೋಡಿ ಮನೆಯವರ ಮುಖವೆಲ್ಲ ಸಪ್ಪಗಾದ ಮೇಲೆ ಒಂದು ಹುಡುಕಾಟ ಶುರುವಾಗುತ್ತಲ್ಲ, ಬಿಎಎಸ್‌ಎಲ್‌ಪಿ (ಬ್ಯಾಚುಲರ್ ಇನ್ ಆಡಿಯಾಲಜಿ ಅಂಡ್ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ) ಅನ್ನೋ ಹೆಸರು ಬಹಳ ಜನರಿಗೆ ಮೊದಲು ಕಿವಿಗೆ ಬೀಳೋದು ಆಗಲೇ. ಕಿವಿ ಕೇಳಿಸುವಿಕೆ, ಮಾತು, ಭಾಷೆ, ನುಂಗುವಿಕೆ, ಇವುಗಳ ತೊಂದರೆಗಳನ್ನ ಪರೀಕ್ಷಿಸಿ ಚಿಕಿತ್ಸೆ ಕೊಡೋದನ್ನ ಕಲಿಸುವ ಪದವಿ. ಮೂರು ವರ್ಷ ಪಾಠ ಮತ್ತು ಕ್ಲಿನಿಕ್, ಒಂದು ವರ್ಷ ಇಂಟರ್ನ್‌ಶಿಪ್. "ಬಯಾಲಜಿ ಚೆನ್ನಾಗಿದೆ, ಬಿಳಿ ಕೋಟೂ ಸಿಗುತ್ತೆ, ಸೇರಿಸಿಬಿಡೋಣ" ಅಂತಾರೆ ಮನೆಯವರು.

ನನ್ನ ತಕರಾರು ಇರೋದು ಅಲ್ಲೇ. ಈ ಕೋರ್ಸಿನಲ್ಲಿ ಹುಡುಗರು ಎಡವೋದು ಬಯಾಲಜಿಯಲ್ಲಲ್ಲ. ಅನಾಟಮಿಯನ್ನ ಹೇಗೋ ಉರು ಹೊಡೆದು ದಾಟಿಬಿಡ್ತಾರೆ. ಎಡವೋದು ಎರಡು ಕಡೆ: ಶಬ್ದದ ಫಿಸಿಕ್ಸ್, ಇನ್ನೊಂದು ಕನ್ನಡ. ಹೌದು, ಕನ್ನಡ.

ಮೊದಲು ಫಿಸಿಕ್ಸ್. ಶಬ್ದ ಎಷ್ಟು ಜೋರು ಅಂತ ಹೇಳುವ ಡೆಸಿಬೆಲ್ ಅನ್ನೋದು ಕಿಲೋ, ಮೀಟರ್ ಥರದ ಅಳತೆ ಅಲ್ಲ. 20 ಡೆಸಿಬೆಲ್ ಏರಿದರೆ ಶಬ್ದದ ಒತ್ತಡ ಹತ್ತು ಪಟ್ಟು, 60 ಏರಿದರೆ ಸಾವಿರ ಪಟ್ಟು. ಕಿವಿ ಪರೀಕ್ಷಿಸುವ ಮೆಷಿನ್ನು, ಆಡಿಯೋಮೀಟರಿನ ಸೊನ್ನೆ ಅಂದರೆ ನಿಶ್ಶಬ್ದವೂ ಅಲ್ಲ; ಆರೋಗ್ಯವಂತ ಯುವಕರ ಕಿವಿಗೆ ಕೇಳುವ ಅತಿ ಮೆಲ್ಲನೆಯ ಶಬ್ದದ ಸರಾಸರಿ ಅದು. ಇದು ತಲೆಗೆ ಹತ್ತದೇ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಒಂದೇ ಒಂದು ಪರೀಕ್ಷೆಯನ್ನ ಹತ್ತಿರದಿಂದ ನೋಡೋಣ.

ಒಬ್ಬರ ಎಡಗಿವಿ ಚೆನ್ನಾಗಿದೆ, 15 ಡೆಸಿಬೆಲ್‌ಗೇ ಕೇಳುತ್ತೆ. ಬಲಗಿವಿ ಪೂರ್ತಿ ಸತ್ತಿದೆ ಅಂದುಕೊಳ್ಳಿ. ವಿದ್ಯಾರ್ಥಿ ಬಲಗಿವಿಗೆ ಹೆಡ್‌ಫೋನಿನಲ್ಲಿ 1000 ಹರ್ಟ್ಸ್ ಶಬ್ದ ಕೊಡ್ತಾನೆ. ಕೇಳಿಸಿದರೆ 10 ಇಳಿಸು, ಕೇಳಿಸದಿದ್ದರೆ 5 ಏರಿಸು, ಇದು ನಿಯಮ. 40, 45, 50, ಉತ್ತರ ಇಲ್ಲ. 55ಕ್ಕೆ ಅವರು ಬೆರಳು ಎತ್ತುತ್ತಾರೆ. ಇವನು ಫಲಿತಾಂಶದ ನಕ್ಷೆಯಲ್ಲಿ, ಅಂದರೆ ಆಡಿಯೋಗ್ರಾಮಿನಲ್ಲಿ, 55ರ ಹತ್ತಿರ ಬಲಗಿವಿಯ ಗುರುತಾದ ಕೆಂಪು ಸೊನ್ನೆ ಬರೀತಾನೆ. ಅವರು ಸುಳ್ಳು ಹೇಳಿಲ್ಲ, ಮೆಷಿನ್ನೂ ಕೆಟ್ಟಿಲ್ಲ. ಕಿವಿಯ ಮೇಲೆ ಕೂರುವ ಹೆಡ್‌ಫೋನಿನಿಂದ ಹೊರಟ ಶಬ್ದ ತಲೆಬುರುಡೆ ಹಾಯ್ದು ಆ ಕಡೆಗೆ ಹೋಗುವಾಗ ಸುಮಾರು 40 ಡೆಸಿಬೆಲ್ ಕಳೆದುಕೊಳ್ಳಬಹುದು, ಕೆಲವರಲ್ಲಿ ಇನ್ನೂ ಹೆಚ್ಚು. 55ರಲ್ಲಿ 40 ಹೋದರೆ 15. ಕೇಳಿಸಿಕೊಂಡಿದ್ದು ಎಡಗಿವಿ!

ಇನ್ನೂ ಕೆಟ್ಟದ್ದು ಮುಂದಿದೆ. ಮೂಳೆಯ ಮೂಲಕ, ಅಂದರೆ ನಡುಗಿವಿಯನ್ನ ಬಿಟ್ಟು ನೇರ ಒಳಗಿವಿಗೆ ಶಬ್ದ ಕಳಿಸಿ ಪರೀಕ್ಷೆ ಮಾಡೋಕೆ ಬಲಗಿವಿಯ ಹಿಂದೆ ವೈಬ್ರೇಟರ್ ಇಡ್ತಾನೆ. ಅಲ್ಲಿ ಶಬ್ದ ಹೆಚ್ಚೇನೂ ಕಡಿಮೆ ಆಗದೆ ಆ ಕಡೆ ತಲುಪಿಬಿಡುತ್ತೆ. 15ಕ್ಕೇ ಬೆರಳು ಮೇಲೆ. ಈಗ ಕಾಗದದ ಮೇಲೆ ಏನು ಕಾಣುತ್ತೆ? ಗಾಳಿಯಲ್ಲಿ (ಹೆಡ್‌ಫೋನಿನಲ್ಲಿ) 55, ಮೂಳೆಯಲ್ಲಿ 15, ನಡುವೆ 40ರ ಅಂತರ. ಅಂದರೆ ಒಳಗಿವಿ ಸರಿಯಾಗಿದೆ, ತೊಂದರೆ ಇರೋದು ನಡುಗಿವಿಯಲ್ಲಿ, ಇಎನ್‌ಟಿ ಹತ್ತಿರ ಹೋದರೆ ಸರಿಹೋಗಬಹುದು ಅನ್ನೋ ಚಿತ್ರ. ಸತ್ತ ಕಿವಿಗೆ ಆಪರೇಷನ್ನಿನ ಆಸೆ ಹುಟ್ಟಿಸಿದ ಹಾಗಾಯ್ತು.

ಇದನ್ನ ತಡೆಯೋದು ಮಾಸ್ಕಿಂಗ್. ಒಳ್ಳೆ ಕಿವಿಗೆ ಗುಂಯ್ ಅನ್ನೋ ಶಬ್ದ ತುಂಬಿ ಅದನ್ನ ಆಟದಿಂದ ಹೊರಗಿಟ್ಟು, ಇನ್ನೊಂದು ಕಿವಿಯನ್ನ ಕೇಳೋದು. ಆ ಶಬ್ದ ಕಡಿಮೆ ಆದರೆ ಪ್ರಯೋಜನ ಇಲ್ಲ. ಜಾಸ್ತಿ ಆದರೆ ಅದೇ ದಾಟಿಬಂದು ಪರೀಕ್ಷೆಯ ಕಿವಿಯನ್ನೂ ಮುಚ್ಚಿಬಿಡುತ್ತೆ. ಹಂತಹಂತವಾಗಿ ಏರಿಸಿದರೂ ಉತ್ತರ ಅಲುಗದೆ ನಿಲ್ಲುವ ಒಂದು ಜಾಗ ಇರುತ್ತೆ, ಅದನ್ನ ಹುಡುಕಬೇಕು. ಸೂತ್ರ ಬಾಯಿಪಾಠ ಮಾಡಿದವರು ಪರೀಕ್ಷೆ ಪಾಸಾಗ್ತಾರೆ. ಶಬ್ದ ಎಲ್ಲಿಂದ ಎಲ್ಲಿಗೆ ಹರೀತಿದೆ ಅಂತ ಕಣ್ಣಿಗೆ ಕಟ್ಟಿಕೊಂಡವರಿಗೆ ಮಾತ್ರ ಪೇಷಂಟ್ ಎದುರು ಕೂತಾಗ ಅನುಮಾನ ಬರುತ್ತೆ.

ಇನ್ನು ಸಣ್ಣ ತಪ್ಪುಗಳು. ಶಬ್ದವನ್ನ ಒಂದೇ ತಾಳದಲ್ಲಿ ಕೊಡ್ತಾ ಹೋದರೆ ಪೇಷಂಟ್ ಆ ತಾಳಕ್ಕೇ ಬಟನ್ ಒತ್ತುತ್ತಾರೆ. ಗಾಜಿನಾಚೆ ನಿಮ್ಮ ಭುಜ ಅಲುಗೋದು ಕಂಡರೂ ಅಷ್ಟೇ.

ಈಗ ಕನ್ನಡಕ್ಕೆ ಬರೋಣ. ಐದು ವರ್ಷದ ಮಗು "ಕಾಗೆ" ಅನ್ನೋಕೆ "ತಾದೆ" ಅನ್ನುತ್ತೆ. ಮೊದಲ ವರ್ಷದವರು ಎರಡು ತಪ್ಪು ಅಂತ ಬರೀತಾರೆ: ಕ ಬದಲು ತ, ಗ ಬದಲು ದ. ಅಲ್ಲ, ಇದು ಒಂದೇ ತಪ್ಪು. ನಾಲಿಗೆಯ ಹಿಂಭಾಗ ಏಳಬೇಕಾದ ಕಡೆಯೆಲ್ಲ ತುದಿ ಏಳ್ತಿದೆ. ಒಂದೊಂದೇ ಅಕ್ಷರ ತಿದ್ದುತ್ತಾ ಕೂರೋ ಬದಲು ಹಿಂಭಾಗ ಎತ್ತೋದನ್ನ ಕಲಿಸಿದರೆ ಕ, ಗ ಎರಡೂ ಒಟ್ಟಿಗೆ ಹಾದಿಗೆ ಬರ್ತವೆ. ನಮ್ಮ ವರ್ಣಮಾಲೆ ಕಂಠದಿಂದ ತುಟಿಯವರೆಗೆ ಸಾಲಾಗಿ ನಿಂತಿರೋದೇ ಈ ಲೆಕ್ಕದಲ್ಲಿ. ಒಂದನೇ ಕ್ಲಾಸಿನಲ್ಲಿ ಕಲಿತ ಕ-ವರ್ಗ, ತ-ವರ್ಗವನ್ನ ಡಿಗ್ರಿಯಲ್ಲಿ ಇಂಗ್ಲಿಷ್ ಹೆಸರಿಟ್ಟು ಮತ್ತೆ ಕಲೀತೀವಿ, ತಮಾಷೆ ನೋಡಿ.

ಇನ್ನೊಂದು ಮಗು "ಶಾಲೆ" ಅನ್ನದೆ "ಸಾಲಿ" ಅನ್ನುತ್ತೆ. ತಪ್ಪೋ, ಸರಿಯೋ? ಧಾರವಾಡದ ಕಡೆಯ ಮನೆಯಲ್ಲಿ ಅವ್ವನೂ ಹಾಗೇ ಅಂತಾಳೆ. ಮಂಡ್ಯದ ಹಳ್ಳಿಯ ಮಗು "ಹಾಲು" ಅನ್ನದೆ "ಆಲು" ಅಂದರೂ ಅದು ರೋಗ ಅಲ್ಲ, ಊರು. ಪುಸ್ತಕದ ಕನ್ನಡ ಮಾತ್ರ ಗೊತ್ತಿರುವ ವಿದ್ಯಾರ್ಥಿ ಇಂಥವಕ್ಕೆಲ್ಲ ಕೆಂಪು ಗೀಟು ಎಳೀತಾನೆ. ಮಗುವನ್ನ ಕರೆತಂದವರ ಬಾಯಲ್ಲಿ ಅದೇ ಪದ ಹೇಳಿಸಿ ಕೇಳಬೇಕು. ಅರ್ಧ ನಿಮಿಷದ ಕೆಲಸ.

ಭಾಷೆಯ ಬೆಳವಣಿಗೆ ಅಳೆಯುವಾಗಲೂ ಇದೇ ಕಥೆ. "ಅಣ್ಣಂಗೆ ಕೊಟ್ಟೆ." ಇಂಗ್ಲಿಷ್ ಪಠ್ಯದ ಕಣ್ಣಲ್ಲಿ ಪದ ಎಣಿಸಿದರೆ ಎರಡೇ. ಆದರೆ ಒಳಗೆ ನಾಲ್ಕನೇ ವಿಭಕ್ತಿ ಇದೆ, ಭೂತಕಾಲ ಇದೆ, ಕೊಟ್ಟಿದ್ದು ನಾನು ಅನ್ನೋದೂ ಇದೆ. ಪದ ಎಣಿಸಿದರೆ ಚುರುಕು ಮಗುವೂ ಹಿಂದುಳಿದ ಹಾಗೆ ಕಾಣುತ್ತೆ. ಮಾತು ಎಷ್ಟು ಸ್ಪಷ್ಟವಾಗಿ ಕೇಳುತ್ತೆ ಅಂತ ನೋಡುವ ಪರೀಕ್ಷೆಗೂ ಇಂಗ್ಲಿಷಿನವರು ಒಂದೇ ಅಕ್ಷರದಷ್ಟು ಉದ್ದದ (ಕ್ಯಾಟ್, ಸನ್ ಥರದ) ಪದಗಳ ಪಟ್ಟಿ ಬಳಸ್ತಾರೆ. ಕನ್ನಡದಲ್ಲಿ ಅಂಥ ಪದಗಳು ಬೆರಳೆಣಿಕೆ. ಹಾಗಾಗಿ ಎರಡು ಅಕ್ಷರದ ಪದಗಳ ಪಟ್ಟಿಗಳೇ ಬಳಕೆಯಲ್ಲಿವೆ.

ಅಂದಹಾಗೆ, ಮಾತು ತಡವಾದ ಯಾವ ಮಗು ಬಂದರೂ ಮೊದಲ ಕೆಲಸ ಕಿವಿ ಪರೀಕ್ಷೆ. "ಅವರಪ್ಪನೂ ತಡವಾಗೇ ಮಾತಾಡಿದ್ದು" ಅನ್ನೋ ಮಾತು ಕೇಳಿ ಪರೀಕ್ಷೆ ಬಿಟ್ಟರೆ, ಥೆರಪಿ ಆರು ತಿಂಗಳು ನಡೆದ ಮೇಲೆ ಕಿವಿಯೇ ಮಂದ ಅಂತ ಗೊತ್ತಾಗುತ್ತೆ. ಆ ಆರು ತಿಂಗಳು ವಾಪಸ್ ಬರೋದಿಲ್ಲ.

ಕಾಲೇಜಿನ ವಿಷಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಕೇಂದ್ರ ಆರೋಗ್ಯ ಸಚಿವಾಲಯದ್ದು. ಅಲ್ಲಿ ಸೀಟಿಗೆ ದೇಶದೆಲ್ಲೆಡೆಯಿಂದ ಬಂದವರ ಜೊತೆ ಪೈಪೋಟಿ. ಬೆಂಗಳೂರು, ಮಂಗಳೂರು, ಧಾರವಾಡದಲ್ಲೂ ಕಾಲೇಜುಗಳಿವೆ. ಎಲ್ಲೇ ಸೇರಿ, ಭಾರತೀಯ ಪುನರ್ವಸತಿ ಪರಿಷತ್ತಿನ ಅನುಮೋದನೆ ನಿಮ್ಮ ಬ್ಯಾಚಿನ ವರ್ಷಕ್ಕೂ ಇದೆಯಾ ಅಂತ ನೋಡಿ. ಆ ಪರಿಷತ್ತಿನ 1992ರ ಕಾಯ್ದೆಯಡಿ ಹೆಸರು ನೋಂದಾಯಿಸದೆ ಪ್ರಾಕ್ಟೀಸ್ ಮಾಡುವ ಹಾಗಿಲ್ಲ. ಅಮೆರಿಕಕ್ಕೆ ಹೋಗುವ ಆಸೆ ಇದ್ದರೆ ಈ ಪದವಿಯೊಂದೇ ಸಾಲದು: ಅಲ್ಲಿ ಮಾತಿನ ಚಿಕಿತ್ಸೆಗೆ ಸ್ನಾತಕೋತ್ತರ ಪದವಿ ಕೇಳ್ತಾರೆ, ಆಡಿಯಾಲಜಿಗೆ, ಅಂದರೆ ಕಿವಿ ಕೇಳಿಸುವಿಕೆಯ ಕೆಲಸಕ್ಕೆ, ಡಾಕ್ಟರೇಟ್ ಮಟ್ಟದ ಪದವಿ.

ಅಡ್ಮಿಷನ್ನಿಗೆ ಮುಂಚೆ ಒಂದು ಕೆಲಸದ ದಿನ ಬೆಳಿಗ್ಗೆ ಹೋಗಿ ಒಪಿಡಿ ನೋಡಿ. ಬೆಂಚಿನ ಮೇಲೆ ಜನ ಇದ್ದಾರಾ? ಮಕ್ಕಳು ಮಾತ್ರವಾ, ಲಕ್ವ ಹೊಡೆದು ಮಾತು ನಿಂತವರು, ನುಂಗೋಕೆ ಆಗದವರು, ಉಗ್ಗುವವರು, ಗಂಟಲು ಕಟ್ಟಿದ ಮೇಷ್ಟ್ರುಗಳೂ ಬರ್ತಾರಾ? ಪರೀಕ್ಷೆಯ ಕೋಣೆಯೊಳಗೆ ನಿಂತು ಬಾಗಿಲು ಹಾಕಿಸಿ. ಹೊರಗಿನ ಆಟೋ ಹಾರ್ನ್ ಕೇಳಿಸಿದರೆ ಅಲ್ಲಿ ತೆಗೆದ ರಿಪೋರ್ಟ್ ಎಷ್ಟು ನಂಬಬಹುದು ಅಂತ ನೀವೇ ಹೇಳಿ. ಆಮೇಲೆ ಕೊನೆಯ ವರ್ಷದವರನ್ನ ಕ್ಯಾಂಟೀನಿನಲ್ಲಿ ಹಿಡಿದು ಇಂಟರ್ನ್‌ಶಿಪ್ಪಿನಲ್ಲಿ ಏನು ಮಾಡಿದಿರಿ ಅಂತ ಕೇಳಿ. "ಇಯರ್ ಮೋಲ್ಡ್ (ಹಿಯರಿಂಗ್ ಏಡ್‌ಗೆ ಕಿವಿಯ ಅಚ್ಚು) ತೆಗೆದ್ವಿ, ನುಂಗುವ ಪರೀಕ್ಷೆಗೆ ವಾರ್ಡಿಗೆ ಹೋದ್ವಿ" ಅಂದರೆ ಒಳ್ಳೇದು. "ಹಿಯರಿಂಗ್ ಏಡ್ ಅಂಗಡಿಯಲ್ಲಿ ಕೂತು ಟಾರ್ಗೆಟ್ ಮುಗಿಸಿದ್ವಿ" ಅಂದರೆ ಚಹಾ ಕುಡಿದು, ಥ್ಯಾಂಕ್ಸ್ ಹೇಳಿ, ಇನ್ನೊಂದು ಕಾಲೇಜಿನ ಬಸ್ಸು ಹತ್ತಿ.